ಹಂಪೆಯ ನಾಟ್ಯಶಾಲೆಯಿಂದ ಮನೆಯ ತೆರೆಯವರೆಗೆ



ನಮ್ಮ ಕುರೆಕುಪ್ಪದಿಂದ ತೋರಣಗಲ್ಲು, ಹೊಸಪೇಟೆಗಳನ್ನು ಹಾದು ಹಂಪೆಗೆ ಹೋದವರು ವಿರೂಪಾಕ್ಷನ ಗೋಪುರವನ್ನೂ ಕಲ್ಲಿನ ರಥವನ್ನೂ ಮಹಾನವಮಿ ದಿಬ್ಬವನ್ನೂ ಕಂಡು ಹಿಂದಿರುಗುವುದು ವಾಡಿಕೆ. ಅವರು ಕಾಣದೆ ಬರುವ ಕಟ್ಟಡವೊಂದುಂಟು. ಕಾಣದಿದ್ದುದು ಅವರ ತಪ್ಪಲ್ಲ. ಆ ಕಟ್ಟಡ ಈಗ ಉಳಿದಿಲ್ಲ. ಅದು ಅರಮನೆಯ ನಾಟ್ಯಶಾಲೆ.

ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು ೧೫೨೦ರಿಂದ ೧೫೨೨ರೊಳಗೆ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್‌ನಿಗೆ ಅರಮನೆಯ ಕೆಲವು ಭಾಗಗಳನ್ನು ನೋಡುವ ಅವಕಾಶ ದೊರೆಯಿತು. ಅಂತಃಪುರದ ಹೆಣ್ಣುಮಕ್ಕಳಿಗೆ ನಾಟ್ಯ ಕಲಿಸುವ ಶಾಲೆಯನ್ನು ಅವನು ವಿವರವಾಗಿ ಬಣ್ಣಿಸಿದ್ದಾನೆ. ಅಲ್ಲಿಯ ಫಲಕಗಳಲ್ಲಿ ನರ್ತಕಿಯರ ಆಕೃತಿಗಳನ್ನು ಬಿಡಿಸಿದ್ದರಂತೆ. ಒಂದೊಂದು ನೃತ್ಯವು ಮುಗಿಯುವಾಗ ಮೈ ಯಾವ ಭಂಗಿಯಲ್ಲಿ ನಿಲ್ಲಬೇಕೋ ಆ ಭಂಗಿ ಒಂದೊಂದು ಫಲಕದಲ್ಲಿತ್ತಂತೆ. ಕಲಿಯುವವಳು ಮರೆತರೆ ಫಲಕದ ಕಡೆ ಕಣ್ಣು ಹೊರಳಿಸಿ, ಚಿತ್ರದಂತೆ ತನ್ನ ಮೈಯನ್ನು ತಿದ್ದಿಕೊಳ್ಳಬೇಕು. ಶಾಲೆಯ ಕೊನೆಯಲ್ಲಿ, ಎಡಗಡೆಗೆ, ಬಣ್ಣ ಬಳಿದ ಒಂದು ಗೂಡಿನಂಥ ಜಾಗವಿತ್ತು. ಅಲ್ಲಿ ಹೆಣ್ಣುಮಕ್ಕಳು ಕೈಯಿಂದ ಹಿಡಿದು ನಿಂತು ಮೈಯನ್ನೂ ಕಾಲನ್ನೂ ಚಾಚಿ ಸಡಿಲಿಸುತ್ತಿದ್ದರು.

ಕಣ್ಣಿಗೆ ಎದುರಿಗೊಂದು ಚಿತ್ರ, ಕೈಗೊಂದು ಆಸರೆ, ಬಳಿಯಲ್ಲಿ ಕಲಿಸುವವರು. ಈ ಮೂರನ್ನು ದಯವಿಟ್ಟು ನೆನಪಿನಲ್ಲಿಡಿರಿ. ಐನೂರು ವರ್ಷಗಳ ಹಿಂದಿನ ಈ ಸಂಗತಿ ನನಗೆ ನೆನಪಾದದ್ದು ಹಂಪೆಯಲ್ಲಲ್ಲ, ನಮ್ಮೂರಿನ ಒಂದು ಮನೆಯ ಪಡಸಾಲೆಯಲ್ಲಿ.

ನನ್ನಲ್ಲಿ ಕನ್ನಡ ಕಲಿತ ಹೆಣ್ಣುಮಗಳೊಬ್ಬಳಿದ್ದಾಳೆ. ಶಾಲೆಯ ಕೋಲಾಟದ ತಂಡಕ್ಕೆ ಅವಳೇ ಮುಂದಾಳು. ಮದುವೆಯಾಗಿ ಮಕ್ಕಳಾದ ಮೇಲೆ ಒಮ್ಮೆ ಒಂದು ಕಣ್ಣು ಮಂಜಾಯಿತು. ಕೆಲವು ವಾರಗಳಲ್ಲಿ ತಾನಾಗಿಯೇ ತಿಳಿಯಾಯಿತು. ಮರುವರ್ಷ ಕಾಲು ಜೋಮು ಹಿಡಿಯಿತು. ನಡೆಯುವಾಗ ತೂಕ ತಪ್ಪತೊಡಗಿತು. ಬೆಳಗ್ಗೆ ಎದ್ದರೂ ದಣಿವು, ಮಲಗಿದರೂ ದಣಿವು. ಬೆಂಗಳೂರಿನಲ್ಲಿ ಎಂ.ಆರ್.ಐ. ತೆಗೆಸಿದಾಗ ರೋಗದ ಹೆಸರು ತಿಳಿಯಿತು: ಮಲ್ಟಿಪಲ್ ಸ್ಕ್ಲೆರೋಸಿಸ್. ಮನೆಯವರು ಕೆಟ್ಟವರಲ್ಲ. ಅತ್ತೆಯಂತೂ ಸ್ವಂತ ಮಗಳಂತೆ ಕಂಡು, “ನೀನ್ ಸುಮ್ಕೆ ಮಲಕ್ಕಾ ತಾಯಿ, ನಾವಿಲ್ಲೇನು?” ಎಂದು ಕೈಯಿಂದ ಪೊರಕೆಯನ್ನೂ ಕಿತ್ತುಕೊಂಡರು. ಪ್ರೀತಿಯಿಂದಲೇ ಅವಳನ್ನು ಮಂಚಕ್ಕೆ ಕಟ್ಟಿಹಾಕಿದಂತಾಯಿತು. ವರ್ಷ ಕಳೆಯುವಷ್ಟರಲ್ಲಿ, ರೋಗವು ಕಸಿದುಕೊಳ್ಳದ ಬಲವನ್ನೂ ಮಂಚವು ಕಸಿದುಕೊಂಡಿತ್ತು.

ಈ ರೋಗವೆಂದರೇನು? ನಿಮ್ಮ ಮನೆಯ ರೇಡಿಯೋಕ್ಕೆ ಕರೆಂಟು ತರುವ ತಂತಿಯನ್ನು ನೋಡಿರಿ. ಒಳಗೆ ತಾಮ್ರ, ಹೊರಗೆ ಹೊದಿಕೆ. ನಮ್ಮ ಮೆದುಳಿನ ಮತ್ತು ಬೆನ್ನುಹುರಿಯ ನರತಂತುಗಳಿಗೂ ಮಯಲಿನ್ ಎಂಬ ಒಂದು ಕೊಬ್ಬಿನ ಹೊದಿಕೆಯುಂಟು. ಮೈಯನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಈ ಹೊದಿಕೆಯನ್ನು ಅಲ್ಲಲ್ಲಿ ತಿನ್ನುತ್ತದೆ. ತಿಂದ ಜಾಗವು ಗಟ್ಟಿಯಾದ ಕಲೆಯಾಗಿ ಉಳಿಯುತ್ತದೆ. ಗ್ರೀಕ್ ಮೂಲದ ಸ್ಕ್ಲೆರೋಸಿಸ್ ಎಂಬ ಮಾತಿಗೆ ಗಟ್ಟಿಯಾಗುವುದೆಂದೇ ಅರ್ಥ. ಅಂಥವು ಅನೇಕವಾಗಿರುವುದರಿಂದ ಮಲ್ಟಿಪಲ್. ಕಲೆ ಎಲ್ಲಿ ಬಿದ್ದಿತೋ ಅದಕ್ಕೆ ತಕ್ಕಂತೆ ಒಬ್ಬರಿಗೆ ಕಣ್ಣು, ಇನ್ನೊಬ್ಬರಿಗೆ ಕಾಲು, ಮತ್ತೊಬ್ಬರಿಗೆ ಮೂತ್ರದ ಹಿಡಿತ ಕೆಡುತ್ತದೆ. ಇದು ಅಂಟುರೋಗವಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇಪ್ಪತ್ತರಿಂದ ನಲವತ್ತರ ಪ್ರಾಯದಲ್ಲಿ, ಸಂಸಾರದ ಭಾರ ಹೆಗಲೇರುವ ಹೊತ್ತಿಗೇ, ಸಾಮಾನ್ಯವಾಗಿ ತಲೆದೋರುತ್ತದೆ.

ಈ ರೋಗದ ಚರಿತ್ರೆಯಲ್ಲಿ ಮೊದಲು ಮಾತಾಡುವವನು ವೈದ್ಯನಲ್ಲ, ರೋಗಿ. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಮೊಮ್ಮಗನಾದ ಅಗಸ್ಟಸ್ ಡೆಸ್ಟೆ ಎಂಬುವನಿಗೆ ೧೮೨೨ರಲ್ಲಿ ಕಣ್ಣು ಮಂಜಾಯಿತು. ಮುಂದೆ ಕಾಲು ಸೋತದ್ದು, ನಡಿಗೆ ತಪ್ಪಿದ್ದು, ಮಾಡಿಸಿದ ಚಿಕಿತ್ಸೆ, ಎಲ್ಲವನ್ನೂ ೧೮೪೬ರವರೆಗೆ ದಿನಚರಿಯಲ್ಲಿ ಬರೆದಿಟ್ಟನು. ತನ್ನ ರೋಗಕ್ಕೆ ಹೆಸರೇನೆಂದು ತಿಳಿಯದೆಯೇ ೧೮೪೮ರಲ್ಲಿ ತೀರಿಕೊಂಡನು. ಅಷ್ಟರೊಳಗೆ ಕಾರ್ಸ್‌ವೆಲ್, ಕ್ರುವೇಲಿಯೇ ಎಂಬ ಇಬ್ಬರು ವೈದ್ಯರು ಸತ್ತವರ ಬೆನ್ನುಹುರಿಯಲ್ಲಿ ಕಂಡ ಕಲೆಗಳನ್ನು ಚಿತ್ರವಾಗಿ ಬರೆದಿದ್ದರು. ೧೮೬೮ರಲ್ಲಿ ಪ್ಯಾರಿಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಷಾರ್ಕೋ ಎಂಬ ವೈದ್ಯನು ಬದುಕಿದ್ದವರ ಲಕ್ಷಣಗಳನ್ನೂ ಸತ್ತ ಮೇಲೆ ಕಂಡ ಕಲೆಗಳನ್ನೂ ಜೋಡಿಸಿ, ಇದು ಪ್ರತ್ಯೇಕವಾದ ಒಂದು ರೋಗವೆಂದು ಸ್ಥಾಪಿಸಿದನು.

ಇನ್ನು ಮುಂದಿನದು ಒಂದು ತಪ್ಪು ತಿಳಿವಳಿಕೆಯ ಕಥೆ. ೧೮೯೦ರಲ್ಲಿ ಜರ್ಮನಿಯ ನೇತ್ರವೈದ್ಯ ಊಟ್‌ಹಾಫನು ಇಂಥ ನೂರು ಮಂದಿ ರೋಗಿಗಳ ಕಣ್ಣನ್ನು ಪರೀಕ್ಷಿಸಿದಾಗ, ಅವರಲ್ಲಿ ನಾಲ್ವರಿಗೆ ಮೈದಣಿದಾಗ ದೃಷ್ಟಿ ಇನ್ನಷ್ಟು ಮಸುಕಾಗುವುದನ್ನು ಕಂಡನು. ಕಂಡದ್ದು ನಿಜ; ಅದರಿಂದ ಲೋಕವು ಕಟ್ಟಿಕೊಂಡ ಅರ್ಥ ಮಾತ್ರ ನಿಜವಲ್ಲ. ಕಣ್ಣನ್ನು ಮಸುಕುಗೊಳಿಸಿದ್ದು ವ್ಯಾಯಾಮವಲ್ಲ, ಮೈಯ ಕಾವು. ಹೊದಿಕೆ ಹರಿದ ನರದಲ್ಲಿ ಸಂದೇಶವು ಮೊದಲೇ ತಡವರಿಸುತ್ತ ಸಾಗುತ್ತಿರುತ್ತದೆ. ಮೈ ಸ್ವಲ್ಪ ಬಿಸಿಯಾದರೂ ಸಾಕು, ಅದು ನಡುದಾರಿಯಲ್ಲಿ ನಿಂತುಬಿಡುತ್ತದೆ. ಮೈ ತಣಿದೊಡನೆ ಮತ್ತೆ ಹರಿಯುತ್ತದೆ. ಇದರಿಂದ ನರಕ್ಕೆ ಹೊಸ ಗಾಯವೇನೂ ಆಗುವುದಿಲ್ಲ. ಬಿಸಿನೀರಿನ ತೊಟ್ಟಿಯಲ್ಲಿ ಕುಳ್ಳಿರಿಸಿ ಲಕ್ಷಣಗಳು ಹೆಚ್ಚುತ್ತವೆಯೇ ಎಂದು ನೋಡಿ ಈ ರೋಗವನ್ನು ಗುರುತಿಸುವ ಪದ್ಧತಿಯೂ ಇಪ್ಪತ್ತನೆಯ ಶತಮಾನದ ನಡುವೆ ಬಳಕೆಯಲ್ಲಿತ್ತು. ಹೀಗಿದ್ದೂ ರೋಗಿಗೆ ಹೇಳುತ್ತಿದ್ದ ಬುದ್ಧಿಮಾತು ಒಂದೇ: ದಣಿಯಬೇಡಿ, ವಿಶ್ರಾಂತಿ ತೆಗೆದುಕೊಳ್ಳಿ. ಸುಮಾರು ಒಂದು ಶತಮಾನ ಕಾಲ ಈ ಮಾತು ಎಷ್ಟು ಜನರನ್ನು ಮಂಚದಲ್ಲಿ ಇರಿಸಿತೋ ಲೆಕ್ಕ ಇಟ್ಟವರಿಲ್ಲ. ನಮ್ಮೂರಿನ ಆ ಅತ್ತೆ ಹೇಳಿದ್ದೂ ಇದೇ ಮಾತನ್ನೇ. ದೊಡ್ಡ ದೊಡ್ಡ ವೈದ್ಯರೇ ಹಾಗೆ ಹೇಳುತ್ತಿದ್ದಾಗ ಆಕೆಯನ್ನು ದೂರುವುದು ಹೇಗೆ?

ಕಾವಿನ ವಿಷಯ ನಮಗೆ ಪುಸ್ತಕದ ವಿಷಯವಲ್ಲ. ಬಳ್ಳಾರಿ ಸೀಮೆಯ ಬೇಸಗೆಯಲ್ಲಿ ಬಿಸಿಲು ೪೦ ಡಿಗ್ರಿಯನ್ನು ದಾಟುವುದು ಎಲ್ಲರಿಗೂ ಗೊತ್ತು. ಆದರೆ ಇದೇ ನೆಲದಲ್ಲಿ ವ್ಯಾಯಾಮ ನಡೆದಿತ್ತು, ಹೊತ್ತು ನೋಡಿ ನಡೆದಿತ್ತು. ಅದೇ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ಹೇಳಿದ್ದಾನೆ. ಬೆಳಕು ಹರಿಯುವ ಮೊದಲೇ ಅರಸನು ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ಹಚ್ಚಿಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿವರಸೆ ಮಾಡಿ, ಜಟ್ಟಿಯೊಡನೆ ಕುಸ್ತಿ ಹಿಡಿದು, ಕುದುರೆಯೇರಿ ಬಯಲಿನಲ್ಲಿ ಸುತ್ತುತ್ತಿದ್ದನು. ಇದೆಲ್ಲ ಬೆಳಗಾಗುವಷ್ಟರಲ್ಲಿ ಮುಗಿಯುತ್ತಿತ್ತು.

ಇನ್ನು ವೈದ್ಯಶಾಸ್ತ್ರದ ಮಾತು. ವ್ಯಾಯಾಮವೆಂಬ ಸಂಸ್ಕೃತ ಶಬ್ದದ ಧಾತುವಿನಲ್ಲಿಯೇ ಚಾಚುವುದು, ಹಿಗ್ಗಿಸುವುದು ಎಂಬರ್ಥವಿದೆ. ಅರಮನೆಯ ನಾಟ್ಯಶಾಲೆಯಲ್ಲಿ ನಡೆಯುತ್ತಿದ್ದುದೂ ಅದೇ. ಸುಶ್ರುತಸಂಹಿತೆಯು ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆನ್ನುತ್ತದೆ. ವಾಗ್ಭಟನ ಅಷ್ಟಾಂಗಹೃದಯವು ಈ ಅರ್ಧಬಲದ ವ್ಯಾಯಾಮವನ್ನು ಚಳಿಗಾಲಕ್ಕೂ ವಸಂತಕ್ಕೂ ಹೇಳಿ, ಉಳಿದ ಋತುಗಳಲ್ಲಿ ಇನ್ನೂ ಮಂದವಾಗಿ ಮಾಡಬೇಕೆನ್ನುತ್ತದೆ. ನಿಜ ಹೇಳಬೇಕೆಂದರೆ, ವಾತಪಿತ್ತದ ರೋಗಿಗಳು ವ್ಯಾಯಾಮವನ್ನು ಬಿಡಬೇಕೆಂಬ ಮಾತೂ ಅದೇ ಗ್ರಂಥದಲ್ಲಿದೆ. ಆದುದರಿಂದ ಇಂದಿನ ವಿದ್ಯೆಯೆಲ್ಲ ಹಿಂದಿನವರಿಗೆ ಗೊತ್ತಿತ್ತೆಂದು ನಾನು ಹೇಳುವುದಿಲ್ಲ. ಹೊತ್ತು ಮತ್ತು ಅಳತೆ ಇವೆರಡರ ವಿವೇಕ ಅವರಲ್ಲಿತ್ತು. ಈ ರೋಗಕ್ಕೆ ಬೇಕಾದದ್ದೂ ಅದೇ ವಿವೇಕವೆಂಬುದು ತಿಳಿಯಲು ಬಹಳ ಕಾಲ ಹಿಡಿಯಿತು.

ತಿಳಿದದ್ದು ೧೯೯೬ರಲ್ಲಿ ಎನ್ನಬಹುದು. ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಪೆಟಜನ್ ಮತ್ತು ಅವರ ಸಂಗಡಿಗರು ೫೪ ಮಂದಿ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ೧೫ ವಾರಗಳ ಕಾಲ, ವಾರಕ್ಕೆ ಮೂರು ಸಾರಿ, ೪೦ ನಿಮಿಷದಂತೆ ಕೈಕಾಲುಗಳಿಂದ ತುಳಿಯುವ ಯಂತ್ರದ ಮೇಲೆ ವ್ಯಾಯಾಮ ಮಾಡಿದರು. ಅವರ ದಮ್ಮು ಹೆಚ್ಚಿತು, ಬಲ ಹೆಚ್ಚಿತು, ಮನಸ್ಸಿನ ಕುಗ್ಗು ಇಳಿಯಿತು. ವ್ಯಾಯಾಮವು ಈ ರೋಗಿಗಳಿಗೆ ಹಿತವೆಂಬುದಕ್ಕೆ ಅಲ್ಲಿಂದ ಮುಂದೆ ಸಾಕ್ಷ್ಯಗಳು ಒಂದರ ಮೇಲೊಂದು ಬಂದವು.

ವ್ಯಾಯಾಮ ಒಳ್ಳೆಯದೇನೋ ಸರಿ. ಮಾಡಿಸುವವರು ಯಾರು, ಮಾಡುವುದೆಲ್ಲಿ? ಫಿಸಿಯೋಥೆರಪಿಗೆ ದಿನವೂ ಆಸ್ಪತ್ರೆಗೆ ಹೋಗಿಬರುವ ದಾರಿಯಲ್ಲೇ ರೋಗಿಯ ಅರ್ಧಬಲ ಕಳೆದಿರುತ್ತದೆ. ನಮ್ಮ ನೆರೆಯ ವಿಜಯನಗರದಲ್ಲಿ ೨೦೧೮ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ದೇಶದ ದೊಡ್ಡ ಕ್ರೀಡಾಪಟುಗಳು ಸಾಧನೆ ಮಾಡುತ್ತಾರೆ. ಹಾಸಿಗೆಯಿಂದ ಬಚ್ಚಲಿಗೆ ಹೋಗುವುದೇ ಸಾಧನೆಯಾದವರಿಗೆ ತಮ್ಮ ಪಡಸಾಲೆಯೇ ಅಂಗಳವಾಗಬೇಕು. ಇಲ್ಲಿ ನೆರವಿಗೆ ಬಂದದ್ದು, ಯಾರೂ ಎಣಿಸದಿದ್ದ ಒಂದು ವಸ್ತು: ಮಕ್ಕಳ ವಿಡಿಯೋ ಆಟ.

ವಿಡಿಯೋ ಆಟವೆಂದರೆ ಕುಳಿತಲ್ಲೇ ಬೆರಳಾಡಿಸುವುದು ಎಂದು ನಾವು ಭಾವಿಸಿದ್ದೇವೆ. ಆದರೆ ಕ್ಯೋಟೋ ಪಟ್ಟಣದಲ್ಲಿ ೧೮೮೯ರಲ್ಲಿ ಇಸ್ಪೀಟಿನಂಥ ಹೂವಿನ ಎಲೆಗಳನ್ನು ಮಾಡಲು ಹುಟ್ಟಿದ ನಿಂಟೆಂಡೋ ಕಂಪನಿಯು ೨೦೦೬ರಲ್ಲಿ ವೀ ಎಂಬ ಆಟದ ಪೆಟ್ಟಿಗೆಯನ್ನು ಹೊರತಂದಿತು. ಇದನ್ನು ಟೆಲಿವಿಷನ್ನಿಗೆ ಜೋಡಿಸಿ, ಕೈಯಲ್ಲಿ ಒಂದು ಕೋಲಿನಂಥ ಸಾಧನ ಹಿಡಿದು ಬೀಸಿದರೆ ತೆರೆಯ ಮೇಲಿನ ಬೊಂಬೆಯೂ ಬೀಸುತ್ತದೆ. ೨೦೦೭ರ ಕೊನೆಗೆ ಅದಕ್ಕೆ ಒಂದು ಮಣೆ ಬಂತು. ಮಣೆಯ ನಾಲ್ಕು ಮೂಲೆಗಳಲ್ಲಿ ತೂಕ ಅಳೆಯುವ ಸಾಧನಗಳುಂಟು. ಅದರ ಮೇಲೆ ನಿಂತವರು ಎಡಕ್ಕೆ ವಾಲಿದರೋ ಬಲಕ್ಕೆ ವಾಲಿದರೋ ಎಂಬುದು ತೆರೆಯ ಮೇಲೆ ಒಂದು ಚುಕ್ಕೆಯಾಗಿ ಕಾಣುತ್ತದೆ. ೨೦೧೦ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಕಿನೆಕ್ಟ್ ಬಂತು. ಅದಕ್ಕೆ ಕೈಯಲ್ಲಿ ಏನೂ ಹಿಡಿಯಬೇಕಾಗಿಲ್ಲ, ಅದರ ಕ್ಯಾಮರಾವೇ ಮೈಯ ಚಲನೆಯನ್ನು ಗುರುತಿಸುತ್ತದೆ.

ರೋಗಿಗೆ ಇದರಲ್ಲಿ ಏನು ಲಾಭ? ನರವು ಸರಿಯಾಗಿ ಸುದ್ದಿ ತಾರದಾಗ, ಪಾದ ನೆಲದ ಮೇಲೆ ಹೇಗಿದೆಯೆಂಬುದೇ ಮೈಗೆ ತಿಳಿಯುವುದಿಲ್ಲ. ಆ ಸುದ್ದಿಯನ್ನು ತೆರೆಯ ಚಿತ್ರವು ಕಣ್ಣಿನ ದಾರಿಯಿಂದ ಕೊಡುತ್ತದೆ. ಮರೆತವಳಿಗೆ ಫಲಕವು ಭಂಗಿಯನ್ನು ನೆನಪಿಸಿದಂತೆ, ತೆರೆಯು ತೂಕವನ್ನು ನೆನಪಿಸುತ್ತದೆ. ಒಂದು ವ್ಯತ್ಯಾಸವುಂಟು: ಅರಮನೆಯ ಚಿತ್ರ ನಿಶ್ಚಲ, ಈ ಚಿತ್ರ ನೋಡುವವರೊಡನೆ ತಾನೂ ಅಲುಗುತ್ತದೆ.

ಪರೀಕ್ಷಿಸದೆ ನಂಬಬಾರದಷ್ಟೆ. ರೋಮ್ ನಗರದ ವೈದ್ಯರು ೩೬ ಮಂದಿ ರೋಗಿಗಳಿಗೆ ಮನೆಯಲ್ಲೇ ೧೨ ವಾರ ಈ ಮಣೆಯ ಮೇಲೆ ಅಭ್ಯಾಸ ಮಾಡಿಸಿ, ತೂಕ ಹಿಡಿಯುವ ಶಕ್ತಿ ಹೆಚ್ಚಿದುದನ್ನು ೨೦೧೩ರಲ್ಲಿ ಪ್ರಕಟಿಸಿದರು. ಕೆಲವರಿಗೆ ಮೊಣಕಾಲು ನೋವು, ಸೊಂಟನೋವು ಬಂದದ್ದನ್ನೂ ಮರೆಮಾಚದೆ ಬರೆದರು. ಅದೇ ವರ್ಷ ಸ್ವೀಡನ್ನಿನಲ್ಲಿ ೮೪ ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ, ಆಡಿದ ಗುಂಪಿಗೂ ಆಡದ ಗುಂಪಿಗೂ ಖಚಿತವಾದ ಅಂತರ ಕಾಣಲಿಲ್ಲ. ೨೦೧೪ರಲ್ಲಿ ರೋಮ್‌ನವರೇ ೨೭ ಮಂದಿಯ ಮೆದುಳಿನ ಎಂ.ಆರ್.ಐ. ಚಿತ್ರ ತೆಗೆದು, ಅಭ್ಯಾಸದ ಬಳಿಕ ಕಿರುಮೆದುಳಿನ ನರದಾರಿಗಳಲ್ಲಿ ಒಳ್ಳೆಯ ಬದಲಾವಣೆ ಆಗಿರುವುದನ್ನು ತೋರಿಸಿದರು; ಅಭ್ಯಾಸ ನಿಲ್ಲಿಸಿ ೧೨ ವಾರ ಕಳೆಯುವಷ್ಟರಲ್ಲಿ ಅದು ಅಳಿದುಹೋಯಿತೆಂದೂ ತಿಳಿಸಿದರು. ಇಂಗ್ಲೆಂಡಿನ ಬೋರ್ನ್‌ಮತ್ ಸೀಮೆಯಲ್ಲಿ ೩೦ ಮಂದಿಗೆ ಮನೆಗೆ ವೀ ಪೆಟ್ಟಿಗೆಯನ್ನು ಕೊಟ್ಟು, ಫಿಸಿಯೋಥೆರಪಿಯವರ ಬೆಂಬಲವನ್ನೂ ಒದಗಿಸಿದ ಪ್ರಯೋಗದ ವರದಿ ೨೦೧೭ರಲ್ಲಿ ಬಂತು. ಪ್ರಯೋಗ ಚಿಕ್ಕದು, ಅದರಿಂದ ರೋಗದ ಮೇಲಿನ ಗುಣವನ್ನು ಅಳೆಯುವಂತಿರಲಿಲ್ಲ. ಆದರೆ ಮೈಯಾಡಿಸದೆ ಕುಳಿತಿದ್ದವರು ಮನೆಯಲ್ಲಿ ಇದನ್ನು ಒಪ್ಪಿ ಆಡಬಲ್ಲರು ಎಂಬುದು ತಿಳಿಯಿತು.

ಇವೆಲ್ಲದರಿಂದ ನಾವು ತಿಳಿಯಬೇಕಾದದ್ದು ಇಷ್ಟು. ಆಟವು ರೋಗವನ್ನು ಗುಣಪಡಿಸುವುದಿಲ್ಲ. ವೈದ್ಯರು ಕೊಟ್ಟ ಔಷಧಿಯನ್ನು ಬಿಟ್ಟು ಆಟವನ್ನು ಹಿಡಿಯುವುದು ಅವಿವೇಕ. ಆಡಿದಷ್ಟು ದಿನ ಫಲ, ಬಿಟ್ಟರೆ ಇಲ್ಲ; ಸಂಗೀತದ ಸಾಧನೆಯಂತೆಯೇ ಇದೂ ದಿನದಿನದ ಕೆಲಸ. ಮತ್ತೊಂದು ಸಂಗತಿ: ವೀ ಪೆಟ್ಟಿಗೆಯ ತಯಾರಿಕೆ ೨೦೧೩ರಲ್ಲೂ ಕಿನೆಕ್ಟಿನ ತಯಾರಿಕೆ ೨೦೧೭ರಲ್ಲೂ ನಿಂತವು. ಯಂತ್ರಗಳು ಬರುತ್ತವೆ, ಹೋಗುತ್ತವೆ. ಉಳಿಯುವುದು ಅರಮನೆಯ ಶಾಲೆಯ ಆ ಮೂರು: ಚಿತ್ರ, ಆಸರೆ, ಕಲಿಸುವವರು. ನಮ್ಮ ಸೀಮೆಗೆ ನಾಲ್ಕನೆಯದೊಂದನ್ನು ಸೇರಿಸಬೇಕು: ತಂಪು.

ಇಂಥ ರೋಗ ನಮ್ಮ ದೇಶದಲ್ಲಿ ಇಲ್ಲವೆಂಬಷ್ಟು ಅಪರೂಪವೆಂದು ಬಹುಕಾಲ ನಂಬಲಾಗಿತ್ತು. ಎಂ.ಆರ್.ಐ. ಯಂತ್ರಗಳೂ ನರರೋಗ ತಜ್ಞರೂ ಹೆಚ್ಚಿದಂತೆ ರೋಗಿಗಳು ಬೆಳಕಿಗೆ ಬಂದರು. ನಮ್ಮ ಮಂಗಳೂರಿನಲ್ಲೇ ಡಾಕ್ಟರ್ ಲೇಖಾ ಪಂಡಿತ್ ಅವರು ನಡೆಸಿದ ಗಣತಿಯ ಫಲಿತಾಂಶ ೨೦೧೪ರಲ್ಲಿ ಪ್ರಕಟವಾಯಿತು. ಅಲ್ಲಿ ಲಕ್ಷ ಜನರಿಗೆ ಸುಮಾರು ೮ ಮಂದಿ ಈ ರೋಗದವರು ಕಂಡುಬಂದರು. ರೋಗಿಗಳ ನೆರವಿಗಾಗಿ ಭಾರತದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ೧೯೮೫ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಅಂಗವೈಕಲ್ಯಗಳ ಪಟ್ಟಿಯಲ್ಲಿ ಈ ರೋಗದ ಹೆಸರನ್ನೂ ಸೇರಿಸಿತು. ಕಣ್ಣಿಗೆ ಕಾಣುವ ಊನವಿಲ್ಲದಿದ್ದರೂ, ನ್ಯೂನತೆ ಶೇಕಡಾ ೪೦ ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣಪತ್ರ ದೊರೆತರೆ, ಕಾಯಿದೆಯ ವಿಶೇಷ ಸೌಲಭ್ಯಗಳನ್ನು ಕೇಳಬಹುದು. ಇದನ್ನು ತಿಳಿಯದ ಮನೆಗಳು ಇನ್ನೂ ಅನೇಕವಿವೆ.

ಈಗ ಆ ಪಡಸಾಲೆಗೆ ಹಿಂದಿರುಗೋಣ. ಬೆಂಗಳೂರಿನಿಂದ ರಜೆಗೆ ಬಂದಿದ್ದ ಅಣ್ಣನ ಮಗನು ತನ್ನ ಹಳೆಯ ಆಟದ ಪೆಟ್ಟಿಗೆಯನ್ನು ಟೀವಿಗೆ ಜೋಡಿಸಿ ಹೋಗಿದ್ದನು. ಫಿಸಿಯೋಥೆರಪಿ ಬಲ್ಲವರನ್ನು ಕರೆಸಿ, ಯಾವ ಆಟ ಸರಿ, ಯಾವುದು ಬೇಡ, ಎಷ್ಟು ಹೊತ್ತು ಎಂಬುದನ್ನು ಗೊತ್ತುಮಾಡಿದರು. ಮೊದಲು ಐದೇ ನಿಮಿಷ. ಹೊತ್ತು ಬೆಳಗಿನ ಜಾವ. ರೇಡಿಯೋದಲ್ಲಿ ಭಕ್ತಿಗೀತೆ ಮುಗಿಯುವಷ್ಟರಲ್ಲಿ ಅವಳ ಆಟವೂ ಮುಗಿಯಬೇಕು. ಮೇಲೆ ಫ್ಯಾನು, ಕೊರಳಿಗೆ ಒದ್ದೆ ಬಟ್ಟೆ, ಪಕ್ಕದಲ್ಲಿ ತಣ್ಣೀರು. ಹಿಂದೆ ಗೋಡೆಗೆ ಒತ್ತಿಟ್ಟ ಕುರ್ಚಿ. ಟೀವಿಯನ್ನು ಕಿಟಕಿಯ ಬಳಿಗೆ ಸರಿಸಿದ್ದರು. ಅವಳು ಎಡಗೈಯಿಂದ ಕಿಟಕಿಯ ಸರಳನ್ನು ಹಿಡಿದು, ತೆರೆಯನ್ನು ನೋಡುತ್ತ, ಮೆಲ್ಲಗೆ ಎಡಕ್ಕೂ ಬಲಕ್ಕೂ ವಾಲುತ್ತಿದ್ದಳು. ಪಾಯೆಸನು ಬರೆದ ಶಾಲೆ ನನ್ನ ಕಣ್ಣೆದುರಿಗೆ ಬಂದದ್ದು ಆಗ. ಅತ್ತೆ ಮೊದಮೊದಲು, “ಇದೇನು ಸಣ್ಣ ಹುಡುಗ್ರ ಆಟ!” ಎಂದವರು, ಈಗ ಸೊಸೆಯ ಬೆನ್ನಹಿಂದೆ ಕೈಚಾಚಿ ನಿಂತು ಅಂಕ ಎಣಿಸುತ್ತಿದ್ದರು.

ಪವಾಡವೇನೂ ನಡೆದಿಲ್ಲ. ಕೆಲವು ದಿನ ಅವಳು ಏಳಲಾರಳು. ಆಗ ಆಟವೂ ಇಲ್ಲ. ರೋಗ ಕೆರಳಿದಾಗ ವೈದ್ಯರ ಬಳಿಗೇ ಓಡಬೇಕು. ಆದರೆ ಹೋದ ಸಲ ನಾನು ಹೋದಾಗ, ಯಾರನ್ನೂ ಕೂಗದೆ ಒಳಗೆ ಹೋಗಿ, ಗೋಡೆ ಸವರುತ್ತ ಬಂದು, ತಾನೇ ಮಾಡಿದ ಚಹಾವನ್ನು ನನ್ನ ಮುಂದಿಟ್ಟಳು. ಲೋಟ ತುಳುಕಿತು, ಬೀಳಲಿಲ್ಲ. “ಕೋಲಾಟಕ್ಕೆ ಇನ್ನೂ ಆಗಲ್ಲ, ಸರ್” ಎಂದು ನಕ್ಕಳು.

ಮಹನೀಯರೇ, ನಿಮ್ಮ ಬೀದಿಯಲ್ಲಿ, ನಿಮ್ಮ ಬಂಧುಗಳಲ್ಲಿ ಹೀಗೆ ಮಂಚ ಹಿಡಿದವರು ಯಾರಾದರೂ ಇರಬಹುದು. ಅವರನ್ನು ನೋಡಲು ಹೋದಾಗ, “ಮಲಗಿರಿ, ಏಳಬೇಡಿರಿ” ಎಂಬ ಮಾತು ನಮ್ಮ ಬಾಯಿಗೆ ತಾನಾಗಿಯೇ ಬರುತ್ತದೆ. ಅದರ ಬದಲು, ವೈದ್ಯರು ಎಷ್ಟು ಅಲುಗಾಡಲು ಹೇಳಿದ್ದಾರೆಂದು ಕೇಳಿರಿ. ಅಷ್ಟನ್ನು ಮಾಡುವಾಗ ಹಿಡಿಯಲು ಒಂದು ಸರಳು, ನೋಡಲು ಒಂದು ಚಿತ್ರ, ಬೆನ್ನಹಿಂದೆ ಒಂದು ಕೈ ಇದೆಯೇ ಎಂದು ನೋಡಿರಿ. ಇಲ್ಲವಾದರೆ ಆ ಕೈ ನಿಮ್ಮದಾಗಲಿ.